ಹಿಂದೆ ಹೇರಿದ ಭಾರ, ಕುಸಿದ ಎಡ ಅಲೆ: ವೇಕ್‌ಬೋರ್ಡ್ ಬೋಟೊಂದರ ಬ್ಯಾಲಸ್ಟ್ ಪ್ರಕರಣ

ಬೋಟು ಎಳೆಯುವ ಹಗ್ಗ ಹಿಡಿದು, ಒಂದೇ ಹಲಗೆಯ ಮೇಲೆ ಅಡ್ಡ ನಿಂತು, ಬೋಟಿನ ಅಲೆಯಿಂದ ನೆಗೆಯುವ ಆಟ ವೇಕ್‌ಬೋರ್ಡಿಂಗ್. ಆ ಅಲೆ ದೊಡ್ಡದಾಗಲೆಂದು ಬೋಟಿನೊಳಗೆ ಹೇರುವ ಭಾರ, ಹೆಚ್ಚಾಗಿ ನೀರು, ಬ್ಯಾಲಸ್ಟ್. ಇಲ್ಲಿನ ಬೋಟು 22 ಅಡಿ ಉದ್ದದ ವಿ-ಡ್ರೈವ್, ಅಂದರೆ ಎಂಜಿನ್ ಹಿಂದಿರುವ ಮಾದರಿ. ಖಾಲಿ ತೂಕ ಸುಮಾರು 1,900 ಕೆ.ಜಿ., ಎಂಜಿನ್ 5.7 ಲೀಟರಿನ ವಿ8 ಪೆಟ್ರೋಲ್. ಓಡುವ ಜಾಗ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನೆಟಾಂಕಾ ಸರೋವರ. ಮಾಲೀಕರ ದೂರು ಎರಡು. ಬೋಟಿನ ಹಿಂದೆ ಏಳುವ ಅಲೆ, ಅಂದರೆ ವೇಕ್, ಎತ್ತರವಾಗಿದೆ. ಆದರೆ ಗೋಡೆಯ ಹಾಗೆ ಕಡಿದಾಗಿ ಎದ್ದು ಸವಾರನನ್ನು ಒದ್ದು ಎಸೆಯುತ್ತದೆ. ಎರಡನೆಯದು, ಎಡಗಡೆಯ ಅಲೆಯ ತುದಿ ನಿಲ್ಲುವುದೇ ಇಲ್ಲ, ನೊರೆಯಾಗಿ ಕುಸಿಯುತ್ತದೆ. ಇದಕ್ಕೆ ಅವರು ಮಾಡಿಕೊಂಡಿದ್ದ ಪರಿಹಾರ: ಇನ್ನಷ್ಟು ನೀರು ತುಂಬುವುದು. ತುಂಬಿದಷ್ಟೂ ಎರಡೂ ತೊಂದರೆ ಹೆಚ್ಚಿದವು.

ಎಡ ಅಲೆ ಕೆಟ್ಟರೆ ಯಾರಿಗೆ ಏನು ನಷ್ಟ ಎಂಬುದು ಮೊದಲೇ ಗೊತ್ತಿರಲಿ. ಎಡಗಾಲು ಮುಂದಿಟ್ಟು ನಿಲ್ಲುವ ಸವಾರ ಹಿಮ್ಮಡಿ ಅಂಚಿನ ಮೇಲೆ ಬಲದಿಂದ ಕೊಯ್ದುಕೊಂಡು ಬಂದು, ಬಲ ಅಲೆಯಿಂದ ನೆಗೆದು, ಎಡ ಅಲೆಯ ಆಚೆಯ ಇಳಿಜಾರಿನಲ್ಲಿ ಇಳಿಯುತ್ತಾನೆ. ಕಾಲ್ಬೆರಳ ಅಂಚಿನಲ್ಲಿ ಎಡದಿಂದ ಬಂದರೆ ಆ ಎಡ ಅಲೆಯಿಂದಲೇ ನೆಗೆಯಬೇಕು. ಹಾಗಾಗಿ ಒಂದು ಕಡೆ ಕುಸಿದರೂ ನೆಗೆತ, ಇಳಿತ ಎರಡೂ ಹಾಳು. ಬಲಗಾಲು ಮುಂದಿಡುವವರಿಗೆ ಇದೆಲ್ಲ ತಿರುವುಮುರುವು. ಆದ್ದರಿಂದಲೇ ಒಂದೇ ಬೋಟಿನಲ್ಲಿ ಒಬ್ಬರು ಚೆನ್ನಾಗಿದೆ ಎನ್ನುವುದು, ಇನ್ನೊಬ್ಬರು ಗೊಣಗುವುದು.

ಭಾರದ ಲೆಕ್ಕ

ಕಾರ್ಖಾನೆಯಿಂದಲೇ ಬಂದ ಟ್ಯಾಂಕುಗಳು ಮೂರು: ಹಿಂದೆ ಎಡಬಲಕ್ಕೆ ತಲಾ 160 ಕೆ.ಜಿ., ನಡುವೆ ನೆಲದಡಿ 140. ಹಿಂದಿನ ಎರಡು ಲಾಕರುಗಳಲ್ಲಿ, ಟ್ಯಾಂಕುಗಳ ಮೇಲೆಯೇ, ಮಾಲೀಕರು ಎರಡು 750 ಪೌಂಡಿನ ನೀರಚೀಲ ಹಾಕಿದ್ದರು. ಒಂದೊಂದೂ 340 ಕೆ.ಜಿ. ಸಿಹಿನೀರು ಲೀಟರಿಗೆ ಒಂದು ಕೆ.ಜಿ. ಆದ್ದರಿಂದ ಲೆಕ್ಕ ಸುಲಭ: ಒಟ್ಟು 1,140 ಕೆ.ಜಿ., ಅದರಲ್ಲಿ ಸಾವಿರ ಕೆ.ಜಿ. ಹಿಂದೆ, ಮೂತಿಯಲ್ಲಿ ಸೊನ್ನೆ.

ವಿ-ಡ್ರೈವ್ ಬೋಟಿನಲ್ಲಿ ಎಂಜಿನ್ ಹಿಂದಿನ ಸೀಟಿನ ಹಿಂದಿರುತ್ತದೆ. ಅದರ ಶಾಫ್ಟ್ ಮುಂದಕ್ಕೆ ಹೋಗಿ, ಗೇರ್‌ಬಾಕ್ಸಿನಲ್ಲಿ ತಿರುಗಿ, ಅಡಿಯಿಂದ ಹಿಂದಕ್ಕೆ ಬರುತ್ತದೆ. ಅಂದರೆ ನೀರು ತುಂಬುವ ಮೊದಲೇ ಹಿಂಬದಿ ಭಾರ. ಎತ್ತಿನ ಗಾಡಿಗೆ ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಹೆಗಲಿಗೆ ನೊಗ ಕೂರುವುದಿಲ್ಲ; ಇಲ್ಲಿ ಮೇಲೆದ್ದದ್ದು ಬೋಟಿನ ಮೂತಿ. ಎಂಜಿನ್ ನಡುವಿರುವ ಡೈರೆಕ್ಟ್-ಡ್ರೈವ್ ಬೋಟಿಗೆ ಈ ಲೆಕ್ಕ ಹೊಂದುವುದಿಲ್ಲ, ಅದಕ್ಕೆ ಹಿಂದೆ ಹೆಚ್ಚು ಬೇಕು. ಒಬ್ಬರ ಬೋಟಿನ ಚೀಲಗಳ ಪಟ್ಟಿಯನ್ನು ಇನ್ನೊಬ್ಬರು ಹಾಗೇ ನಕಲು ಮಾಡಿ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಇನ್ನು ಮಿತಿ. ಈ ಬೋಟಿನ ಸಾಮರ್ಥ್ಯದ ಫಲಕದಲ್ಲಿ ಜನ, ಸಾಮಾನು, ಬ್ಯಾಲಸ್ಟ್ ಎಲ್ಲ ಸೇರಿ 1,400 ಕೆ.ಜಿ. ಎಂದಿದೆ. ಅಮೆರಿಕದ ಕೇಂದ್ರ ನಿಯಮ ಈ ಫಲಕವನ್ನು ಕಡ್ಡಾಯ ಮಾಡಿರುವುದು 20 ಅಡಿಗಿಂತ ಚಿಕ್ಕ ಬೋಟುಗಳಿಗೆ. ಅದಕ್ಕಿಂತ ದೊಡ್ಡದಕ್ಕೆ ತಯಾರಕರು ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆಯೇ ಆಧಾರ. ಕಾರ್ಖಾನೆ ಟ್ಯಾಂಕಿನ ನೀರು ಆ ಸಂಖ್ಯೆಯ ಒಳಗೋ ಹೊರಗೋ ಎಂಬುದು ಬೋಟಿನಿಂದ ಬೋಟಿಗೆ ಬೇರೆ, ಓದಿಯೇ ತಿಳಿಯಬೇಕು. ಇಲ್ಲಿ ಒಳಗೆ. ನಾಲ್ಕು ಜನ 300 ಕೆ.ಜಿ., ಬೋರ್ಡು, ಹಗ್ಗ, ಐಸ್ ಪೆಟ್ಟಿಗೆ 40 ಕೆ.ಜಿ. ಅಂದರೆ ಒಟ್ಟು 1,480, ಮಿತಿಗಿಂತ 80 ಹೆಚ್ಚು. ಐದನೆಯವರು ಹತ್ತಿದ ದಿನ 150ಕ್ಕೂ ಮೇಲೆ. ಹಾಗಾಗಿ ಈ ಕೆಲಸದ ಮೊದಲ ಷರತ್ತು, ಭಾರ ಇಳಿಸಿಯೇ ಅಲೆ ಸುಧಾರಿಸಬೇಕು ಎಂಬುದು.

ಖಾಲಿ ಬೋಟಿನಿಂದ ಪರೀಕ್ಷೆ

ಎಲ್ಲ ನೀರು ಹೊರಹಾಕಿ, ಚಾಲಕ ಮತ್ತು ಒಬ್ಬ ವೀಕ್ಷಕ ಮಾತ್ರ ಕೂತು ಓಡಿಸಿದ್ದು ಬೆಳಗಿನ ಏಳರೊಳಗೆ, ಇತರ ಬೋಟುಗಳು ನೀರು ಕದಡುವ ಮೊದಲು. ಆಳ 15 ಅಡಿಗಿಂತ ಹೆಚ್ಚಿರುವ ಕಡೆಯೇ ಆಯ್ಕೆ, ಯಾಕೆಂದರೆ ಆಳ ಕಡಿಮೆಯಾದರೆ ತಳದ ಪ್ರಭಾವದಿಂದ ಅಲೆಯ ಆಕಾರವೇ ಬದಲಾಗುತ್ತದೆ. ವೇಗ ಗಂಟೆಗೆ 22 ಮೈಲಿ, ಹಗ್ಗ 70 ಅಡಿ. ಈ ಎರಡನ್ನೂ ಪರೀಕ್ಷೆ ಮುಗಿಯುವವರೆಗೆ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಖಾಲಿ ಬೋಟಿನ ಅಲೆ ಚಿಕ್ಕದು, ಎರಡೂ ಕಡೆ ಹೆಚ್ಚುಕಡಿಮೆ ಶುಭ್ರ, ಎಡ ತುದಿಯಲ್ಲಿ ಮಾತ್ರ ತೆಳುವಾದ ಬಿಳಿ ಗೆರೆ. ಆ ಗೆರೆಯನ್ನು ಕಡೆಗಣಿಸಬಾರದು, ರೋಗದ ಮೂಲ ಅಲ್ಲೇ ಇದೆ. ಟ್ಯಾಂಕು ತುಂಬಿದಾಗ ಗೆರೆ ದಪ್ಪವಾಯಿತು. ಹಿಂದಿನ ಚೀಲಗಳನ್ನೂ ತುಂಬಿದ ಮೇಲೆ ಎಡ ಅಲೆಯ ಮೇಲಿನ ಒಂದು ಗೇಣು ಪೂರ್ತಿ ನೊರೆ.

ವಾಲಿದ ಬೋಟಿನಲ್ಲಿ ಕುಸಿಯುವುದು ಮೇಲೆದ್ದ ಬದಿಯ ಅಲೆ. ತಗ್ಗಿದ ಬದಿಯ ಅಲೆ ಶುಭ್ರವಾಗಿ ನಿಲ್ಲುತ್ತದೆ. ವೇಕ್‌ಸರ್ಫಿಂಗ್ (ಹಗ್ಗ ಬಿಟ್ಟು ಬೋಟಿನ ಅಲೆಯ ಮೇಲೆಯೇ ಜಾರುವ ಆಟ) ಮಾಡುವವರು ಬೇಕೆಂದೇ ಒಂದು ಬದಿಗೆ ಭಾರ ಹೇರುವುದು ಇದೇ ಕಾರಣಕ್ಕೆ. ಹಾಗಾದರೆ ಈ ಬೋಟು ಬಲಕ್ಕೆ ವಾಲುತ್ತಿದೆ. ದಡದಲ್ಲಿ ಕಟ್ಟಿ ನಿಲ್ಲಿಸಿ ನೆಲದ ಮೇಲೆ ಅಡ್ಡಲಾಗಿ ಮಟ್ಟಗೋಲಿಟ್ಟಾಗ ಗುಳ್ಳೆ ಚೂರು ಸರಿಯಿತು, ಚೂರೇ. ಓಡುವಾಗ ಮಾತ್ರ ವಾಲು ಸ್ಪಷ್ಟ. ಕಾರಣ ಪ್ರೊಪೆಲರ್. ಇದು ಎಡಗೈ ಪ್ರೊಪೆಲರ್. ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ಅದು ನೀರನ್ನು ಒಂದು ಕಡೆ ತಿರುಚಿದರೆ ನೀರು ಬೋಟನ್ನು ಇನ್ನೊಂದು ಕಡೆ ತಿರುಚುತ್ತದೆ, ಅಂದರೆ ಬಲಬದಿ ಕೆಳಗೆ. ಚಾಲಕ ಕೂರುವುದೂ ಬಲಕ್ಕೇ.

ಎಷ್ಟು ತಿರುಚು? ಭಾರ ಹೊತ್ತು 22 ಮೈಲಿಯಲ್ಲಿ ಓಡಲು 100 ಕಿಲೋವಾಟ್ ಬೇಕಾಗುತ್ತದೆ, ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ಎಂದುಕೊಂಡರೆ ತಿರುಚುಬಲ ಸುಮಾರು 400 ನ್ಯೂಟನ್-ಮೀಟರ್. ನಡುಗೆರೆಯಿಂದ ಒಂದು ಮೀಟರ್ ದೂರದಲ್ಲಿ 40 ಕೆ.ಜಿ. ಇಟ್ಟಷ್ಟೇ ಅದು. ಕೇಳಲು ಕಡಿಮೆ, ಅಲೆಗೆ ಸಾಕಷ್ಟು.

ವೀಕ್ಷಕರನ್ನು ಎಡಬದಿಯ ಅಂಚಿಗೆ ಸರಿಸಿ ಕೂರಿಸಿದಾಗ ನೊರೆ ಅರ್ಧ ಇಳಿಯಿತು. ಮನುಷ್ಯನಿಗಿಂತ ಒಳ್ಳೆಯ ಪರೀಕ್ಷಾ ತೂಕವಿಲ್ಲ. ಹೇಳಿದರೆ ತಾನೇ ಎದ್ದು ಹೋಗುತ್ತದೆ. ಆದರೆ ಪೂರ್ತಿ ಇಳಿಯಲಿಲ್ಲ. ಇನ್ನೊಂದು ಕಾರಣ ಲಾಕರಿನಲ್ಲಿತ್ತು.

ಎಡ ಲಾಕರಿನ ಚೀಲ ತುಂಬಿದಂತೆ ಕಂಡರೂ ಅಂಗೈಯಿಂದ ಬಡಿದರೆ ಮೇಲ್ಭಾಗ ಡೊಳ್ಳಿನ ಹಾಗೆ ಟೊಳ್ಳು ಸದ್ದು ಮಾಡುತ್ತಿತ್ತು. ಬಲದ್ದು ಒದ್ದೆ ಮಣ್ಣಿನ ಹಾಗೆ ಮಂದ. ಎಡ ಚೀಲದ ಗಾಳಿಕೊಳವೆ ಲಾಕರಿನ ಮುಚ್ಚಳದ ಅಂಚಿಗೆ ಸಿಕ್ಕಿ ಮಡಚಿಕೊಂಡಿತ್ತು. ಗಾಳಿ ಹೊರಬೀಳಲು ದಾರಿಯಿಲ್ಲದೆ ಒಳಗೇ ಉಳಿದು, ಚೀಲ ಬಿಗಿಯಾಗಿ, ಪಂಪಿನ ಒತ್ತಡ ಅಲ್ಲಿಗೇ ನಿಂತಿತ್ತು. ಕೊಳವೆ ನೇರ ಮಾಡಿ ಮತ್ತೆ ಪಂಪ್ ಹಾಕಿದಾಗ ಹೊರಗಿನ ಗಾಳಿದ್ವಾರ ಮೊದಲು ಬುಸುಗುಟ್ಟಿತು, ಆಮೇಲೆ ಉಗುಳಿತು, ಕೊನೆಗೆ ಒಂದೇ ಸಮನೆ ನೀರಿನ ಧಾರೆ ಬಂತು. ಆ ಧಾರೆ ಬಂದಾಗಲೇ ಚೀಲ ತುಂಬಿದೆ ಎಂದು ಲೆಕ್ಕ. ಪಂಪ್ ಓಡಿದ ಸಮಯ ಗುಣಿಸಿ ನೋಡಿದರೆ ಅದುವರೆಗೆ ಎಡ ಚೀಲದಲ್ಲಿ ಸುಮಾರು 70 ಲೀಟರ್ ಕಡಿಮೆ ಇತ್ತು. ಬಲಕ್ಕೆ ವಾಲಲು ಇನ್ನೇನು ಬೇಕು.

ಹೊಸ ಹಂಚಿಕೆ

ಲಾಕರಿನ 340ರ ಚೀಲಗಳನ್ನು ತೆಗೆದು 400 ಪೌಂಡಿನವು, ಅಂದರೆ ತಲಾ 180 ಕೆ.ಜಿ.ಯವು ಬಂದವು. ದೊಡ್ಡ ಚೀಲವನ್ನೇ ಅರ್ಧ ತುಂಬಿದರಾಗದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗದು. ಅರೆತುಂಬಿದ ಚೀಲದಲ್ಲಿ ನೀರು ತಿರುವಿಗೆ ಒಂದು ಕಡೆ, ವೇಗ ಇಳಿದಾಗ ಇನ್ನೊಂದು ಕಡೆ ಹರಿದು, ವಾಲಿದ ಕಡೆಗೇ ಸೇರಿ ವಾಲು ಹೆಚ್ಚಿಸುತ್ತದೆ. ಚಿಕ್ಕ ಚೀಲ ಪೂರ್ತಿ ತುಂಬಿರಬೇಕು.

ಮೂತಿಯ ಸೀಟುಗಳ ಕೆಳಗೆ 200 ಕೆ.ಜಿ.ಯ ಚೀಲ. ನಡುವಿನ ಟ್ಯಾಂಕು ಹಾಗೇ. ಪ್ರೊಪೆಲರಿನ ತಿರುಚಿಗೆ ಉತ್ತರವಾಗಿ ಎಡ ಸೀಟಿನಡಿ ಅಂಚಿಗೆ ಒತ್ತಿ ಎರಡು 20 ಕೆ.ಜಿ.ಯ ಉಕ್ಕಿನ ಗುಂಡಿನ ಚೀಲ, ಪಟ್ಟಿ ಕಟ್ಟಿ. ಕೂಡಿದರೆ ಹಿಂದೆ 680, ನಡು 140, ಮುಂದೆ 200, ಎಡಕ್ಕೆ 40: ಒಟ್ಟು 1,060. ಜನ, ಸಾಮಾನು ಸೇರಿಸಿ ಸರಿಯಾಗಿ 1,400. ಐದನೆಯವರು ಬಂದರೆ ನಡುವಿನ ಟ್ಯಾಂಕು ಖಾಲಿ ಇರಬೇಕು. ಈ ಮಾತನ್ನು ಸ್ವಿಚ್ಚಿನ ಪಕ್ಕದಲ್ಲೇ ಬರೆದು ಅಂಟಿಸಲಾಗಿದೆ.

ಮೂತಿಯ ಭಾರ ಮಾಡುವ ಕೆಲಸ ಇದು: ಬೋಟನ್ನು ಉದ್ದಕ್ಕೂ ನೀರಿನಲ್ಲಿ ಕೂರಿಸುತ್ತದೆ, ಅಲೆಯ ಬುಡವನ್ನು ಹಿಗ್ಗಿಸಿ ಗೋಡೆಯನ್ನು ಏರಿಯಾಗಿ ಮಾಡುತ್ತದೆ. ಎತ್ತರ ಸ್ವಲ್ಪ ಕಡಿಮೆಯಾದೀತು, ಆದರೆ ಸವಾರ ಏರಿ ಬರುವಷ್ಟು ಉದ್ದದ ಇಳಿಜಾರು ಸಿಗುತ್ತದೆ. ಬೋಟು ಕುಪ್ಪಳಿಸುತ್ತಿದ್ದರೆ ಅದೂ ನಿಲ್ಲುತ್ತದೆ. ಅತಿಯಾದರೆ ಅಲೆ ಸಪ್ಪೆ, ಸ್ಟಿಯರಿಂಗ್ ಅತಿ ಚುರುಕು. ಇನ್ನೊಂದು ಅಪಾಯ ನಿಧಾನಗತಿಯಲ್ಲಿ: ಬಿದ್ದ ಸವಾರನನ್ನು ಎತ್ತಿಕೊಳ್ಳಲು ತಿರುಗಿ ಬರುವಾಗ ತನ್ನದೇ ಅಲೆಯನ್ನು ಮೂತಿ ನೇರವಾಗಿ ಎದುರಿಸಿದರೆ ನೀರು ಮೂತಿಯ ಮೇಲಿಂದ ಒಳನುಗ್ಗುತ್ತದೆ. ಥ್ರಾಟಲ್ ಥಟ್ಟನೆ ಎಳೆಯದೆ, ಅಲೆ ಅಡಿಯಲ್ಲಿ ಹಾದುಹೋಗಲು ಬಿಟ್ಟು, ಓರೆಯಾಗಿ ತಿರುಗಬೇಕು. ಮೂತಿಯ ಚೀಲ ತುಂಬಿದ್ದಾಗ ಮೂತಿಯಲ್ಲಿ ಜನ ಕೂರಬಾರದು.

ಕೊಳವೆ ಮತ್ತು ತಂತಿ

ಹಳೆಯ ವ್ಯವಸ್ಥೆಯಲ್ಲಿ ಮುಕ್ಕಾಲು ಇಂಚಿನ ಒಂದೇ ತೂತಿನಿಂದ ಎಲ್ಲ ಪಂಪುಗಳೂ ನೀರು ಕುಡಿಯುತ್ತಿದ್ದವು. ಒಂದು ಓಡಿದರೆ ಸರಿ, ಎರಡು ಓಡಿದರೆ ಎರಡಕ್ಕೂ ಬಾಯಾರಿಕೆ. ಹೊಸದಕ್ಕೆ ಒಂದೂವರೆ ಇಂಚಿನ ಕಂಚಿನ ಥ್ರೂ-ಹಲ್ (ತಳದ ತೂತಿಗೆ ಕೂರಿಸುವ ಕೊಳವೆಬಾಯಿ), ಅದರ ಮೇಲೆಯೇ ಬಾಲ್ ವಾಲ್ವ್, ಅಲ್ಲಿಂದ ಮೂರು ಕವಲು. ಕೊಳವೆ ಒಡೆದ ದಿನ ಬೋಟು ಉಳಿಸುವುದು ಆ ವಾಲ್ವ್. ಕೈಗೆ ಸಿಗುವ ಕಡೆ ಇರಲಿ, ಓಡಿಸಿ ಮುಗಿದ ಮೇಲೆ ಮುಚ್ಚಿರಲಿ. ತಳದಲ್ಲಿ ತೂತು ಕೊರೆದಾಗ ಒಳಗೆ ಮರ ಅಥವಾ ಫೋಮಿನ ಪದರ ಸಿಕ್ಕಿದರೆ ಅದರ ಅಂಚನ್ನು ಎಪಾಕ್ಸಿಯಿಂದ ಮುಚ್ಚಬೇಕು, ಇಲ್ಲದಿದ್ದರೆ ನೀರು ಪದರದೊಳಗೆ ಸೇರಿ ಕೊಳೆಸುತ್ತದೆ. ಕೂರಿಸಲು 3ಎಂ 4200 ಸೀಲೆಂಟ್ ಸಾಕು. ಶಾಶ್ವತವಾಗಿ ಹಿಡಿಯುವ 5200 ಹಾಕಿದರೆ ಮುಂದೆ ಬಿಚ್ಚುವವರು ಶಪಿಸುತ್ತಾರೆ.

ಪಂಪುಗಳು ಹಿಂದೆಮುಂದೆ ಎರಡೂ ಕಡೆ ತಿರುಗುವ ರಬ್ಬರ್ ಇಂಪೆಲರಿನವು, ಚೀಲಕ್ಕೊಂದು. ಎಂಜಿನ್ ಕೋಣೆಯಲ್ಲಿ ಕೂರುವ ಪಂಪು, ಸ್ವಿಚ್ಚು ಏನೇ ಇರಲಿ, ಪೆಟ್ರೋಲ್ ಆವಿಗೆ ಕಿಡಿ ತಾಗದಂತೆ ಮುಚ್ಚಿದ ಮಾದರಿಯದೇ ಆಗಬೇಕು. ನಿಂತಾಗ ಇಂಪೆಲರಿನ ರೆಕ್ಕೆಗಳೇ ದಾರಿ ಮುಚ್ಚುತ್ತವೆ, ಇದು ದೊಡ್ಡ ಅನುಕೂಲ. ಇನ್ನೊಂದು ಬಗೆಯಾದ ಏರೇಟರ್ ಪಂಪು ಅಗ್ಗ, ವೇಗ, ಒಣಗಿ ಓಡಿದರೂ ಬೇಗ ಸಾಯುವುದಿಲ್ಲ. ಆದರೆ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಬೇಕು, ಗಾಳಿ ಸಿಕ್ಕಿಕೊಂಡರೆ ಸುಮ್ಮನೆ ತಿರುಗುತ್ತದೆ, ನಿಂತಾಗ ದಾರಿ ತೆರೆದೇ ಇರುತ್ತದೆ. ಇಂಪೆಲರ್ ಪಂಪಿನ ಶತ್ರು ಒಣ ಓಟ. ಚೀಲ ಖಾಲಿಯಾದ ಮೇಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿದರೆ ರೆಕ್ಕೆ ಸುಟ್ಟು ಹರಿಯುತ್ತದೆ. ಅದಕ್ಕೇ ಟೈಮರ್ ಸ್ವಿಚ್ಚು.

ಇಲ್ಲಿ ಪಂಪು ನಿಧಾನ ಎಂಬ ಹಳೆಯ ಗೊಣಗಾಟಕ್ಕೆ ತಂತಿಯೂ ಕಾರಣವಾಗಿತ್ತು. ಹಾಕಿದ್ದು 16 ಗೇಜ್. ಹೋಗಿ ಬರುವ ಉದ್ದ ಎಂಟು ಮೀಟರ್. ಎಳೆಯುವ ಕರೆಂಟು 15 ಆಂಪಿಯರ್. ದಾರಿಯಲ್ಲೇ 1.6 ವೋಲ್ಟ್ ಕರಗುತ್ತಿತ್ತು, 12 ವೋಲ್ಟಿನಲ್ಲಿ ಅದು ಶೇ. 13. ತಂತಿ ಬಿಸಿ, ಪಂಪು ಬಡಕಲು. ತವರ ಲೇಪಿಸಿದ 10 ಗೇಜ್ ತಂತಿ ಹಾಕಿದ ಮೇಲೆ ನಷ್ಟ 0.4 ವೋಲ್ಟ್. ಬ್ಯಾಟರಿಯಿಂದ ಏಳು ಇಂಚಿನೊಳಗೆ ಮುಖ್ಯ ಫ್ಯೂಸ್, ಆಮೇಲೆ ಪಂಪಿಗೊಂದು. ಈಗ 180 ಲೀಟರಿನ ಚೀಲ ಏಳು ನಿಮಿಷದಲ್ಲಿ ತುಂಬುತ್ತದೆ. ಡಬ್ಬದ ಮೇಲಿನ ಸಂಖ್ಯೆ ನಂಬಿದರೆ ಐದೂವರೆ ನಿಮಿಷ ಆಗಬೇಕಿತ್ತು, ಕೊಳವೆಯ ಉದ್ದ ಮತ್ತು ತಿರುವುಗಳು ಉಳಿದದ್ದನ್ನು ತಿನ್ನುತ್ತವೆ.

ಮೊದಲ ವಾರ ಮೂತಿಯ ಚೀಲ ಓಡುತ್ತಾ ಓಡುತ್ತಾ ಖಾಲಿಯಾಗುತ್ತಿತ್ತು. ಪಂಪು ನಿಂತಿದೆ, ವಾಲ್ವ್ ತೆರೆದಿದೆ. ತಳದ ತೂತಿನ ಮೇಲೆ ನೀರು ಜಾರುವಾಗ ಹೀರುವ ಒತ್ತಡ ಹುಟ್ಟಿ, ಇಂಪೆಲರಿನ ರೆಕ್ಕೆಯ ಸಂದಿನಿಂದಲೇ ಸೈಫನ್ ಶುರುವಾಗುತ್ತಿತ್ತು. ಎಷ್ಟೇ ಒಳ್ಳೆಯ ಇಂಪೆಲರ್ ಆದರೂ ಸ್ವಲ್ಪ ಸೋರುತ್ತದೆ. ಕೊಳವೆಯನ್ನು ಚೀಲದ ತಲೆಗಿಂತ ಮೇಲೆ ಬಳಸಿ ತಂದು, ಆ ಬಳಸಿನ ನೆತ್ತಿಯಲ್ಲಿ ಗಾಳಿ ಒಳಬಿಡುವ ಚಿಕ್ಕ ವಾಲ್ವ್ ಕೂರಿಸಿದ ಮೇಲೆ ನಿಂತಿತು. ಖಾಲಿ ಮಾಡುವಾಗ ಆ ವಾಲ್ವಿನ ಬಾಯಿ ಬೆರಳಿನಿಂದ ಮುಚ್ಚಬೇಕಾಗುತ್ತದೆ, ಇಲ್ಲದಿದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. ಕಿರಿಕಿರಿಯೇ ಸರಿ.

ಪ್ರೊಪೆಲರ್

ಭಾರ ಹೊತ್ತು ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಏರುತ್ತಿದ್ದುದು 4,150 ಸುತ್ತಿಗೆ. ಈ ಎಂಜಿನ್ನಿಗೆ ಹೇಳಿರುವ ಮಿತಿ 4,400ರಿಂದ 4,800. ಕೆಳಗೇ ಉಳಿದರೆ ಎಂಜಿನ್ ಏರಿನಲ್ಲಿ ಮೇಲಿನ ಗೇರಿನಲ್ಲಿ ಸಿಕ್ಕಿಕೊಂಡ ಲಾರಿಯ ಹಾಗೆ ಉಸಿರುಗಟ್ಟುತ್ತದೆ, ಬೋಟು ನೀರಿನ ಮೇಲೇರಲು ಹೆಣಗುತ್ತದೆ, ಹಗ್ಗದ ತುದಿಯ ಸವಾರ ನೀರು ಕುಡಿಯುತ್ತಾನೆ. ಪಿಚ್, ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಒಂದಿಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ ಎಂಬುದು ರೂಢಿಯ ಲೆಕ್ಕ. 14×16ರ (ಇಂಚಿನಲ್ಲಿ ವ್ಯಾಸ, ಪಿಚ್) ಬದಲು 14×14 ಹಾಕಿದ ಮೇಲೆ 4,500. ಗರಿಷ್ಠ ವೇಗ ಒಂದೆರಡು ಮೈಲಿ ಹೋಯಿತು. 23 ಮೈಲಿಯಲ್ಲಿ ಓಡುವ ಆಟಕ್ಕೆ ಅದರಿಂದ ನಷ್ಟವಿಲ್ಲ.

ನೀರಿನ ಮೇಲೆ

ಹೊಸ ಹಂಚಿಕೆಯಲ್ಲಿ 22 ಮೈಲಿಗೆ ಎಡ ತುದಿಯಲ್ಲಿ ಒಂದು ಬೆರಳಿನಷ್ಟು ನೊರೆ ಉಳಿದಿತ್ತು. ವೇಗವನ್ನು ಅರ್ಧ ಮೈಲಿಯಂತೆ ಏರಿಸಿ 23ಕ್ಕೆ ತಂದಾಗ ಅದೂ ಹೋಯಿತು. ಭಾರ ಹೆಚ್ಚಿದ ಬೋಟು ಶುಭ್ರವಾದ ಅಲೆ ಕೊಡಲು ತುಸು ಹೆಚ್ಚು ವೇಗ ಬೇಡುತ್ತದೆ. ವೇಗ ಏರಿದಾಗ ಅಲೆಯ ಸರಿಯಾದ ಜಾಗವೂ ಹಿಂದೆ ಸರಿಯಿತು, ಆದ್ದರಿಂದ ಹಗ್ಗ 75 ಅಡಿ. ಇಷ್ಟಾದ ಮೇಲೆ ಎರಡೂ ಅಲೆಗಳ ಮೈ ಗಾಜಿನಂತೆ, ತುದಿ ಗಟ್ಟಿ. ಎತ್ತರ ಮೊದಲಿಗಿಂತ ಅಂಗೈ ಅಗಲ ಕಡಿಮೆ. ಮಾಲೀಕರಿಗೆ ಅದೊಂದು ಸಣ್ಣ ಬೇಸರ ಇದ್ದೇ ಇದೆ, ಆದರೆ ನೆಗೆಯುವವರು ದೂರಿಲ್ಲ.

ತಮಾಷೆಯೆಂದರೆ, ನೀರಿನ ಸ್ಕೀಯಿಂಗ್ ಹುಟ್ಟಿದ್ದು ಇದೇ ಮಿನ್ನೆಸೋಟದಲ್ಲಿ. 1922ರಲ್ಲಿ ಪೆಪಿನ್ ಸರೋವರದ ಮೇಲೆ ರಾಲ್ಫ್ ಸ್ಯಾಮುಯಲ್ಸನ್ ಎರಡು ಹಲಗೆ ಕಟ್ಟಿ ನಿಂತಿದ್ದ. ಸ್ಕೀಯವರಿಗೆ ಅಲೆ ಎಂದರೆ ಪೀಡೆ. ಬೋಟು ಕಟ್ಟುವವರು ದಶಕಗಟ್ಟಲೆ ಅದನ್ನು ಚಪ್ಪಟೆ ಮಾಡಲು ತಲೆ ಕೆಡಿಸಿಕೊಂಡರು. ವೇಕ್‌ಬೋರ್ಡಿನವರು ಬಂದು ಅದೇ ಬೋಟಿಗೆ ನೀರು ತುಂಬಿ ಅಲೆ ಎಬ್ಬಿಸಿದರು.

ಅಲೆ ದಡಕ್ಕೂ ಹೋಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಟನಿ ಫಾಲ್ಸ್ ಪ್ರಯೋಗಾಲಯ 2022ರ ವರದಿಯಲ್ಲಿ ವೇಕ್‌ಸರ್ಫಿಂಗ್ ಮಾಡುವ ಬೋಟುಗಳು ದಡದಿಂದ 500 ಅಡಿಗಿಂತ ದೂರ ಇರಬೇಕೆಂದು ಸೂಚಿಸಿತು. ವೇಕ್‌ಬೋರ್ಡಿಂಗ್ ವೇಗದ ಅಲೆ ಅದಕ್ಕಿಂತ ಚಿಕ್ಕದು, ಆದರೂ ಅಷ್ಟೇ ದೂರ ಇಟ್ಟುಕೊಂಡರೆ ಜಗಳವಿಲ್ಲ. ಹಿಂದೆ ಭಾರವಾದ ಬೋಟಿನ ಇನ್ನೊಂದು ವಿಷಯ ಇಂಗಾಲದ ಮಾನಾಕ್ಸೈಡ್. ಹೊಗೆಬಾಯಿ ನೀರಿನ ಹತ್ತಿರ ಇಳಿದು, ನಿಧಾನಗತಿಯಲ್ಲಿ ಹೊಗೆ ಹಿಂದಿನಿಂದ ಒಳಕ್ಕೆ ಸುಳಿಯುತ್ತದೆ. ಎಂಜಿನ್ ಓಡುವಾಗ ಹಿಂದಿನ ಈಜುಹಲಗೆಯ ಮೇಲೆ ಯಾರೂ ಕೂರಬಾರದು.

ನೀರಿನಿಂದ ಹೊರಗೆ

ಮಿನ್ನೆಟಾಂಕಾದಲ್ಲಿ 2010ರಿಂದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಸೇರಿಕೊಂಡಿದೆ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಚೀಲದ ತಳದಲ್ಲಿ ಉಳಿದ ಒಂದು ಲೋಟ ನೀರು ಸಾಕು ಇನ್ನೊಂದು ಕೆರೆಗೆ ಹೋಗಲು. ರಾಜ್ಯದ ಕಾನೂನಿನಂತೆ ಸರೋವರ ಬಿಡುವ ಮೊದಲು ಎಲ್ಲ ನೀರು ಬಸಿಯಬೇಕು, ತಳದ ಬಿರಡೆ ತೆಗೆದೇ ರಸ್ತೆಗೆ ಇಳಿಯಬೇಕು. ಪಂಪು ಎಷ್ಟೇ ಎಳೆದರೂ ಚೀಲದ ಮೂಲೆಗಳಲ್ಲಿ ನೀರು ನಿಲ್ಲುತ್ತದೆ, ಹೊರಮೈ ಹಾಗೆ ಒಳಮೈ ಐದು ದಿನದಲ್ಲಿ ಒಣಗುವುದೂ ಇಲ್ಲ. ಬೇರೆ ಸರೋವರಕ್ಕೆ ಹೋಗುವುದಿದ್ದರೆ ತಪಾಸಣಾ ಕೇಂದ್ರದಲ್ಲಿ ಬಿಸಿನೀರು ಹಾಯಿಸಿಕೊಳ್ಳುವುದೇ ದಾರಿ. ಹೊರಮೈಗೆ 60 ಡಿಗ್ರಿ ಸೆಲ್ಸಿಯಸ್ ನೀರು ಬಳಸುತ್ತಾರೆ, ಬ್ಯಾಲಸ್ಟಿಗೆ ಸುಮಾರು 49. ಹೆಚ್ಚಾದರೆ ಪಂಪಿನ ಭಾಗಗಳು ಕೆಡುತ್ತವೆ.

ಅಕ್ಟೋಬರಿನಲ್ಲಿ ಚೀಲಗಳು ಬಿಚ್ಚಿ ಮನೆಯೊಳಗೆ. ಕೊಳವೆ, ಪಂಪು, ಟ್ಯಾಂಕುಗಳಿಗೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಹಾಯಿಸಬೇಕು, ಗಾಳಿದ್ವಾರದಲ್ಲೂ ಗುಲಾಬಿ ಕಾಣುವವರೆಗೆ. ಇಂಪೆಲರುಗಳನ್ನು ಹೊರತೆಗೆದು ಇಡಬೇಕು. ಒಂದೇ ಭಂಗಿಯಲ್ಲಿ ಚಳಿಗಾಲ ಕಳೆದರೆ ರೆಕ್ಕೆ ಬಾಗಿದ ಹಾಗೆಯೇ ಗಟ್ಟಿಯಾಗಿ, ಗೋಡೆಗೆ ಅಂಟಿ, ಮೊದಲ ಸ್ವಿಚ್ಚಿಗೇ ಫ್ಯೂಸ್ ಹಾರುತ್ತದೆ. ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ಗ್ಲಿಸರಿನ್ ಸವರಿ ಮತ್ತೆ ಕೂರಿಸಿದರಾಯಿತು.